ಗ್ವಾಪೊ: ಒಂದೇ ಪದಕ್ಕೆ ಆರು ವಾರ

ಸ್ಪ್ಯಾನಿಷ್ ಕಲಿಕೆಯಲ್ಲಿ ನಾನೊಂದು ಲೆಕ್ಕ ಇಟ್ಟುಕೊಂಡಿದ್ದೇನೆ. ಒಂದು ಸಲಕ್ಕೆ ಒಂದೇ ಹೊಗಳಿಕೆ ಪದ. ಅದು ನಾಲಿಗೆಗೆ ಹತ್ತುವವರೆಗೂ ಮುಂದಿನದಕ್ಕೆ ಕೈ ಹಾಕೋದಿಲ್ಲ. 'ಬೊನಿತೊ' (ಚೆಂದ) ಹತ್ತು ದಿನಕ್ಕೆ ಮುಗಿಯಿತು. 'ಗ್ವಾಪೊ'ಗೂ ಅಷ್ಟು ಸಾಕು ಅಂದುಕೊಂಡಿದ್ದೆ. ಈಗ ಆರನೇ ವಾರ ನಡೀತಿದೆ.

ವಾರ 1
ನೋಟ್‌ಬುಕ್‌ನಲ್ಲಿ ಬರೆದದ್ದು ಒಂದೇ ಸಾಲು: ಗ್ವಾಪೊ ಅಂದ್ರೆ ಚೆಲುವ, ಗ್ವಾಪಾ ಅಂದ್ರೆ ಚೆಲುವೆ. ಉಚ್ಚಾರ ಸಲೀಸು. 'ಗು-ಆ' ಅಂತ ಬಿಡಿಸದೆ 'ಗ್ವಾ' ಅಂತ ಒಂದೇ ಏಟಿಗೆ ಹೇಳಬೇಕು, ಅಷ್ಟೇ. 'ಪ' ನಮ್ಮ ಪನೇ.

ವಾರ 2
ಸೆರ್, ಎಸ್ತಾರ್ ಜಗಳ. ಎರಡೂ 'ಇರು' ಕ್ರಿಯಾಪದಗಳೇ. ಸೆರ್ ಹಾಕಿ 'ಎಸ್ ಗ್ವಾಪಾ' ಅಂದ್ರೆ ಅವಳು ಚೆಲುವೆ, ಅವಳ ರೂಪವೇ ಹಾಗೆ. ಎಸ್ತಾರ್ ಹಾಕಿ 'ಎಸ್ತಾ ಗ್ವಾಪಾ' ಅಂದ್ರೆ ಈಗ ಚೆನ್ನಾಗಿ ಕಾಣ್ತಿದ್ದಾಳೆ. ಮದುವೆ ಮನೇಲಿ "ಇವತ್ತು ಚೆನ್ನಾಗಿ ಕಾಣ್ತಿದ್ದೀಯ ಕಣೇ" ಅಂದು, "ಹಾಗಾದ್ರೆ ದಿನಾ ಚೆನ್ನಾಗಿರಲ್ವಾ?" ಅನ್ನಿಸಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ವಾರ 3
ಎಡವಟ್ಟಾಯಿತು. ವಾರಕ್ಕೊಮ್ಮೆ ವಿಡಿಯೊ ಕಾಲ್‌ನಲ್ಲಿ ಮಾತಾಡುವ ಗೆಳತಿ ದೊಮಿನಿಕನ್ ರಿಪಬ್ಲಿಕ್‌ನ ರಾಜಧಾನಿ ಸಾಂತೊ ದೊಮಿಂಗೊದವಳು. ಅವತ್ತು ಹಳದಿ ಕಿವಿಯೋಲೆ ಹಾಕಿದ್ದಳು. ಹೊಸದಾಗಿ ಕಲಿತ ಉಮೇದಿನಲ್ಲಿ "ಎಸ್ತಾಸ್ ಗ್ವಾಪಾ!" ಅಂದೆ. ಅವಳು ಹುಬ್ಬೇರಿಸಿ "ಗ್ವಾಪಾ? ಕೊನ್ ಕಿಯೆನ್?" ಅಂದಳು. ಯಾರ ಮೇಲೆ? ನನಗೆ ತಲೆಬುಡ ತಿಳಿಯಲಿಲ್ಲ. ಆಮೇಲೆ ಅವಳೇ ನಕ್ಕು ಹೇಳಿದಳು. ದೊಮಿನಿಕನ್ ಮಾತಿನಲ್ಲಿ 'ಎಸ್ತಾರ್ ಗ್ವಾಪೊ' ಅಂದ್ರೆ ಸಿಟ್ಟಾಗಿರೋದು. ನಾನು ಅವಳ ಓಲೆ ನೋಡಿ "ಸಿಡಿಮಿಡಿ ಅಂತಿದ್ದೀಯ" ಅಂದ ಹಾಗಾಗಿತ್ತು.

ಅಲ್ಲಿಂದ ಹುಡುಕಾಟ ಶುರು. ಕ್ಯೂಬಾದಲ್ಲಿ ಗ್ವಾಪೊ ಅಂದ್ರೆ ಎದೆಯುಬ್ಬಿಸಿ ಜಗಳಕ್ಕೆ ಬರುವವನು. ಪರಾಗ್ವೆ, ಉರುಗ್ವೆಯಲ್ಲಿ ಮೈಮುರಿದು ದುಡಿಯುವವನು. ಸ್ಪೇನಿನಲ್ಲಾದ್ರೆ ಮೊದಲು ನೆನಪಾಗೋದು ಚೆಲುವು. ಆದ್ರೆ ಸ್ಪೇನಿನಲ್ಲೂ ಚೆಲುವು ಆಮೇಲೆ ಬಂದದ್ದು. ಸ್ಪ್ಯಾನಿಷ್ ಭಾಷೆಯ ರಾಯಲ್ ಅಕಾಡೆಮಿಯ ಹಳೇ ನಿಘಂಟಿನ 1734ರ ಸಂಪುಟದಲ್ಲಿ ಮೊದಲ ಅರ್ಥ ಧೈರ್ಯವಂತ, ಅಪಾಯಕ್ಕೆ ಅಂಜದವನು. ಒಳ್ಳೇ ಬಟ್ಟೆ ಹಾಕಿದ ಷೋಕಿಲಾಲ ಅನ್ನೋದು ಅದರ ಹಿಂದೆ. ಇನ್ನೂ ಹಿಂದಕ್ಕೆ ಹೋದ್ರೆ ಬೇರು 'ವಪ್ಪಾ' ಎಂಬ ಲ್ಯಾಟಿನ್ ಪದದಲ್ಲಿರಬಹುದು ಅಂತಾರೆ. ರುಚಿ ಕೆಟ್ಟ ವೈನ್‌ಗೂ ಪೋಲಿಗೂ ಅದೇ ಹೆಸರು! ಇನ್ನೂರು ವರ್ಷ ಸ್ಪೇನಿನ ಕೈಲಿದ್ದ ಇಟಲಿಯ ನೇಪಲ್ಸ್‌ನಲ್ಲಿ 'ಗ್ವಾಪ್ಪೊ' ಅಂದ್ರೆ ಇವತ್ತಿಗೂ ಬೀದಿ ದಾದಾ.

ಪೋಲಿ, ಧೈರ್ಯಶಾಲಿ, ಷೋಕಿಲಾಲ, ಚೆಲುವ. ಬಡ್ತಿ ಅಂದ್ರೆ ಇದು. ನಗೋ ಹಾಗೂ ಇಲ್ಲ, ನಮ್ಮ 'ಸಖತ್' ಕೂಡ ಪಾರ್ಸಿಯಲ್ಲಿ ಗಟ್ಟಿ, ಕಠಿಣ ಅಂತಿದ್ದದ್ದೇ. ನೋಟ್‌ಬುಕ್‌ನಲ್ಲಿ 'ಚೆಲುವ' ಹೊಡೆದು ಹಾಕಿ 'ಜೋರು' ಅಂತ ಬರೆದೆ. "ಅವಳು ಜೋರು" ಅಂದ್ರೆ ಬೈಗುಳವೂ ಆಗುತ್ತೆ, ಮೆಚ್ಚುಗೆಯೂ ಆಗುತ್ತೆ. "ಏನು, ಇವತ್ತು ಜೋರಾಗಿದ್ದೀಯ" ಅಂದ್ರೆ ಬಟ್ಟೆಗೂ ಸಲ್ಲುತ್ತೆ. ಇಷ್ಟು ಹತ್ತಿರದ ಜೋಡಿ ನನಗೆ ಬೇರೆ ಸಿಕ್ಕಿಲ್ಲ.

ವಾರ 4
ಸ್ಪೇನಿನ ಸಂತೆ, ಅಂಗಡಿಗಳ ವಿಡಿಯೊ ನೋಡಿದೆ. ಮೀನು ತೂಗುವವಳು ಗುರುತೇ ಇಲ್ಲದ ಗಿರಾಕಿಗೆ "ಕೆ ತೆ ಪೊಂಗೊ, ಗ್ವಾಪಾ?" ಅಂತಾಳೆ. ಏನು ಹಾಕಲಿ ಅಂತ. ಗಿರಾಕಿಗೆ ಎಪ್ಪತ್ತು ದಾಟಿದ್ರೂ ಗ್ವಾಪಾನೇ. ನಮ್ಮ ಹೂವಿನವರು "ಎಷ್ಟು ಮೊಳ ಅಕ್ಕಾ?" ಅನ್ನೋದಿಲ್ವಾ, ಹಾಗೆ. ಸಿಟ್ಟು ಬಂದಾಗ ಅದೇ ಪದ ತಿರುಗಿ ಬೀಳುತ್ತೆ. "ಮಿರಾ, ಗ್ವಾಪೊ" ಅಂದ್ರೆ "ನೋಡಪ್ಪಾ ರಾಜ" ಅಂತ ಹಲ್ಲು ಕಚ್ಚಿ ಹೇಳಿದ ಹಾಗೆ.

ಇದೇ ವಾರ ಸ್ಪೇನಿನ ಸೆವಿಯಾ ಊರಿನ ಒಂದು ವಿಡಿಯೊ ಸಿಕ್ಕಿತು. ಈಸ್ಟರ್ ಹಿಂದಿನ ವಾರ, ಗುಡ್ ಫ್ರೈಡೇ ಬೆಳಗಾಗುವ ಮುನ್ನಿನ ಕತ್ತಲಲ್ಲಿ ಮಕರೇನಾ ಮಾತೆಯ, ಅಂದ್ರೆ ಅಲ್ಲಿನ ಮೇರಿ ಮಾತೆಯ ಮೂರ್ತಿಯ ಉತ್ಸವ. ಸಾಲು ಮೇಣದ ಬತ್ತಿ, ಮಾತೆಯ ಕೆನ್ನೆ ಮೇಲೆ ಗಾಜಿನ ಕಣ್ಣೀರು. ಜನ ಗಂಟಲು ಹರಿಯುವ ಹಾಗೆ "ಗ್ವಾಪಾ! ಗ್ವಾಪಾ! ಗ್ವಾಪಾ!" ಅಂತ ಕೂಗ್ತಾರೆ. ದೇವಮಾತೆಗೆ ಹೀಗನ್ನಬಹುದಾ ಅಂತ ಮೊದಲು ಗಾಬರಿಯಾಯಿತು. ಆಮೇಲೆ ಮೇಲುಕೋಟೆ ನೆನಪಾಯಿತು. ನಾವೂ ದೇವರಿಗೆ ಚೆಲುವನಾರಾಯಣ ಅಂತ ಹೆಸರಿಟ್ಟವರೇ ಅಲ್ವಾ. ಹೊಡೆದು ಹಾಕಿದ್ದ 'ಚೆಲುವ'ನನ್ನು ವಾಪಸ್ ಬರೆದೆ.

ವಾರ 5
ಜ್ವರ. ಏನೂ ಆಗಲಿಲ್ಲ.

ವಾರ 6
ಸ್ಪೇನಿನ ಹುಡುಗರು ವಸ್ತುಗಳಿಗೂ ಇದನ್ನೇ ಹೇಳ್ತಾರೆ. "ಕೆ ಬಿಸಿ ಮಾಸ್ ಗ್ವಾಪಾ" ಅಂದ್ರೆ ಎಂಥಾ ಸೂಪರ್ ಸೈಕಲ್ ಅಂತ. ಈ 'ಕೆ… ಮಾಸ್' ಇನ್ನೂ ಬಾಯಿಗೆ ಬರ್ತಿಲ್ಲ. ಯೋಚಿಸಿ ಕೂಡಿಸೋ ಹೊತ್ತಿಗೆ ಸೈಕಲ್ ದಾಟಿ ಹೋಗಿರುತ್ತೆ. ಅದು ಬಂದ್ರೆ ಮುಂದಿನ ಪದ 'ಬಾರ್ಬರೊ': ಅನಾಗರಿಕ ಅಂತಲೂ ಹೌದು, ಅದ್ಭುತ ಅಂತಲೂ ಹೌದು.

ಅಡುಗೆಮನೆಯಲ್ಲಿ ಒಬ್ಬಳೇ ಅಭ್ಯಾಸ ಮಾಡ್ತಿದ್ದಾಗ ಅಮ್ಮ ಕೇಳಿಸಿಕೊಂಡರು. ಎಲ್ಲ ದೇಶದ ಅರ್ಥವನ್ನೂ ಒಂದೊಂದಾಗಿ ಹೇಳಿದೆ. "ಸಿಟ್ಟಿಂದು ನಿನಗೆ ಸರಿಹೋಗುತ್ತೆ ಕಣೇ," ಅಂದರು, "ಆ ಪರಾಗ್ವೆಯದ್ದು ಮಾತ್ರ ಬೇಡ. ಮೊದಲು ಆ ಪಾತ್ರೆ ತೊಳಿ."