ನುಂಗಂಬಾಕ್ಕಂನ ಕಂಬದಿಂದ ಶಿಮ್ಲಾ ಆಫೀಸಿನವರೆಗೆ

ಚೆನ್ನೈನ ನುಂಗಂಬಾಕ್ಕಂನಲ್ಲಿರುವ ಪ್ರಾದೇಶಿಕ ಹವಾಮಾನ ಕೇಂದ್ರಕ್ಕೆ ನಾನು ಹೋದದ್ದು ಮಾರ್ಚ್ 23ರಂದು. ವಿಶ್ವ ಹವಾಮಾನ ದಿನವಾದ್ದರಿಂದ ಅಂದು ಸಾರ್ವಜನಿಕರನ್ನೂ ಒಳಗೆ ಬಿಡುತ್ತಿದ್ದರು. ಶಾಲೆಯ ಮಕ್ಕಳು ರೇಡಾರ್ ಚಿತ್ರಗಳ ಮುಂದೆ ಮುಗಿಬಿದ್ದಿದ್ದರೆ, ನಾನು ಹುಡುಕಿಕೊಂಡು ಹೋದದ್ದು ಒಂದು ಗ್ರಾನೈಟ್ ಕಂಬವನ್ನು. ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ವೀಕ್ಷಣಾಲಯದಲ್ಲಿ ದೂರದರ್ಶಕವನ್ನು ಹೊತ್ತಿದ್ದ ಈ ಕಂಬದ ಮೇಲೆ ವಾಸ್ತುಶಿಲ್ಪಿ ಮೈಕೇಲ್ ಟಾಪಿಂಗ್ ಹೆಸರಿದೆ, 1792 ಎಂಬ ಇಸವಿ ರೋಮನ್ ಅಂಕಿಗಳಲ್ಲಿದೆ, ಲ್ಯಾಟಿನ್ ಜೊತೆಗೆ ತಮಿಳು, ತೆಲುಗು ಬರಹಗಳೂ ಇವೆ. ನಕ್ಷತ್ರದ ಬೆಳಕು ಗಾಳಿಯಲ್ಲಿ ಎಷ್ಟು ಬಾಗುತ್ತದೆಂಬುದು ಉಷ್ಣಾಂಶವನ್ನೂ ವಾಯುಭಾರವನ್ನೂ ಅವಲಂಬಿಸಿರುವುದರಿಂದ, ಖಗೋಳವನ್ನು ನೋಡುವವರಿಗೆ ಇವೆರಡರ ಲೆಕ್ಕವೂ ಬೇಕಾಗುತ್ತಿತ್ತು. ನಮ್ಮಲ್ಲಿ ಹವಾಮಾನದ ದಾಖಲೆ ಹೀಗೆ ನಕ್ಷತ್ರಗಳ ಬೆನ್ನಿಗೆ ಅಂಟಿಕೊಂಡೇ ಬಂದಿತೆನ್ನಬಹುದು.

ಹುಲ್ಲುಹಾಸಿನ ನಡುವೆ ಕಾಲುಗಳ ಮೇಲೆ ನಿಂತಿದ್ದ ಬಿಳಿಯ ಮರದ ಪೆಟ್ಟಿಗೆಯನ್ನು ಸಿಬ್ಬಂದಿಯೊಬ್ಬರು ತೆರೆದು ತೋರಿಸಿದರು. ಗಾಳಿಯಾಡಲು ಸುತ್ತಲೂ ಓರೆಪಟ್ಟಿಗಳು, ಬಿಸಿಲು ಬೀಳದಂತೆ ಉತ್ತರಕ್ಕೆ ಬಾಗಿಲು, ಒಳಗೆ ನಾಲ್ಕು ಥರ್ಮಾಮೀಟರುಗಳು; ಅವುಗಳಲ್ಲೊಂದರ ಬುಡಕ್ಕೆ ಒದ್ದೆಯ ಮಲ್‌ಮಲ್ ಬಟ್ಟೆ. ಮಳೆಯ ದಿನ ಬೆಳಿಗ್ಗೆ 8.30ಕ್ಕೆ ಮುಗಿಯುತ್ತದೆ, ಆಮೇಲೆ ಬಿದ್ದದ್ದು ಮರುದಿನದ ಲೆಕ್ಕಕ್ಕೆ ಎಂದು ಅವರು ವಿವರಿಸಿದರು.

ಆದರೆ ಅಲ್ಲೊಂದು ಇಲ್ಲೊಂದು ಊರಿನಲ್ಲಿ ಬರೆದಿಟ್ಟ ಅಂಕಿಗಳಿಂದ ಮುನ್ಸೂಚನೆ ಹುಟ್ಟದು. 1864ರ ಅಕ್ಟೋಬರಿನಲ್ಲಿ ಕಲ್ಕತ್ತೆಯನ್ನು ಧ್ವಂಸಮಾಡಿದ ಚಂಡಮಾರುತ, 1866 ಮತ್ತು 1871ರಲ್ಲಿ ಕೈಕೊಟ್ಟ ಮುಂಗಾರು, ಇಷ್ಟೆಲ್ಲ ಆದ ಮೇಲೆ 1875ರಲ್ಲಿ ಭಾರತೀಯ ಹವಾಮಾನ ಇಲಾಖೆ ಸ್ಥಾಪನೆಯಾಯಿತು. ಅದರ ಮೊದಲ ಮುಖ್ಯಸ್ಥ ಹೆನ್ರಿ ಬ್ಲಾನ್‌ಫರ್ಡ್, ಹಿಮಾಲಯದಲ್ಲಿ ಹಿಮ ಹೆಚ್ಚು ಬಿದ್ದ ವರ್ಷ ಮುಂಗಾರು ಕ್ಷೀಣಿಸುತ್ತದೆಂಬ ಊಹೆಯನ್ನಾಧರಿಸಿ, 1886ರ ಜೂನ್ 4ರಂದು ಮುಂಗಾರಿನ ಮೊದಲ ಅಧಿಕೃತ ದೀರ್ಘಾವಧಿ ಮುನ್ಸೂಚನೆಯನ್ನು ಹೊರಡಿಸಿದರು. ಹಿಮ ನೋಡಿ ಮಳೆ ಹೇಳುವ ಈ ಧೈರ್ಯ ನನಗೆ ಇಂದಿಗೂ ಸೋಜಿಗವೇ. 1899ರಲ್ಲಿ ಲೆಕ್ಕ ತಪ್ಪಿತು. ಮಳೆ ಬಾರದೆ ಭೀಕರ ಕ್ಷಾಮ ಬಂತು.

ಜುಲೈನಲ್ಲಿ ಪುಣೆಗೆ ಹೋದೆ. ಸಿಟಿ ಬಸ್ಸಿನ ಕಂಡಕ್ಟರ್ "ಶಿಮ್ಲಾ ಆಫೀಸ್" ಎಂದು ಕೂಗಿದಾಗ ಪಕ್ಕದಲ್ಲಿದ್ದ ಕಾಲೇಜು ಹುಡುಗನನ್ನು ಆ ಹೆಸರೇಕೆಂದು ಕೇಳಿದೆ. ಅವನು ನಕ್ಕು ತಲೆಯಾಡಿಸಿದ. ಇಲಾಖೆಯ ಕೇಂದ್ರ ಕಚೇರಿ 1928ರಲ್ಲಿ ಶಿಮ್ಲಾದಿಂದ ಇಲ್ಲಿಗೆ ಬಂದಾಗ ಊರಿನ ಹೆಸರೂ ಜೊತೆಗೇ ಬಂತು. 1944ರಲ್ಲಿ ಕೇಂದ್ರ ಕಚೇರಿ ದೆಹಲಿಗೆ ಹೋಯಿತು, ಹೆಸರು ಮಾತ್ರ ಉಳಿಯಿತು. ರಸ್ತೆಯಾಚೆ ನಿಂತು ಆ ಕಲ್ಲಿನ ಕಟ್ಟಡವನ್ನು ನೋಡುವಾಗ ನನಗೆ ನೆನಪಾದದ್ದು ಇಲ್ಲಿ ಎಂದೂ ಮುಖ್ಯಸ್ಥರಾಗಿ ಕೂರದ ಗಿಲ್ಬರ್ಟ್ ವಾಕರ್. 1904ರಲ್ಲಿ ಇಲಾಖೆಯ ಹೊಣೆ ಹೊತ್ತ ಈ ಗಣಿತಜ್ಞರಿಗೆ ಹವಾಮಾನಶಾಸ್ತ್ರದ ಅನುಭವವೇ ಇರಲಿಲ್ಲ. ಜಗತ್ತಿನ ನಾನಾ ಕಡೆಯ ವಾಯುಭಾರ, ಮಳೆ, ಉಷ್ಣಾಂಶಗಳ ಅಂಕಿಗಳನ್ನು ಕಲೆಹಾಕಿ, ಭಾರತೀಯ ಗುಮಾಸ್ತರಿಂದ ಕೈಲೆಕ್ಕದಲ್ಲೇ ಅವುಗಳ ಪರಸ್ಪರ ಸಂಬಂಧವನ್ನು ತಾಳೆ ಹಾಕಿಸಿದ ಅವರು, ಪೆಸಿಫಿಕ್ ಮತ್ತು ಹಿಂದೂ ಮಹಾಸಾಗರಗಳ ನಡುವೆ ವಾಯುಭಾರ ತಕ್ಕಡಿಯಂತೆ ಏರಿಳಿಯುವುದನ್ನು ಗುರುತಿಸಿದರು. ಪೆಸಿಫಿಕ್ ಸಾಗರದ ನೀರು ವಾಡಿಕೆಗಿಂತ ಬಿಸಿಯೇರುವ ಎಲ್ ನಿನೊ ಬಗ್ಗೆ ನಾವಿಂದು ಆಡುವ ಮಾತಿನ ಬುಡ ಅಲ್ಲಿದೆ. ಆ ಗುಮಾಸ್ತರ ಹೆಸರುಗಳನ್ನು ಮಾತ್ರ ಯಾರೂ ಕಂಬದ ಮೇಲೆ ಕೆತ್ತಿಸಲಿಲ್ಲ.

ಅಷ್ಟರಲ್ಲಿ ಮಳೆ ಸುರಿಯಿತು. ಕೊಡೆಯನ್ನು ಕೋಣೆಯಲ್ಲೇ ಮರೆತಿದ್ದ ನಾನು ಮರದಡಿ ಸರಿದು ಗಡಿಯಾರ ನೋಡಿಕೊಂಡೆ. ಎಂಟೂವರೆ ದಾಟಿ ಐದು ನಿಮಿಷವಾಗಿತ್ತು. ನನ್ನನ್ನು ತೋಯಿಸಿದ ಮಳೆ ನಾಳೆಯ ಲೆಕ್ಕದ್ದು.