ಚಾಟ್ಸ್‌ವರ್ತ್ ನಕಾಶೆ: ಐದನೆಯ ಹಾಳೆ ಮುಗಿಯಿತು

ಇಂಗ್ಲೆಂಡಿನ ಡರ್ಬಿಶೈರಿನಲ್ಲಿರುವ ಚಾಟ್ಸ್‌ವರ್ತ್ ಎಸ್ಟೇಟಿನ ಇತಿಹಾಸವನ್ನು ಒಂದರ ಮೇಲೊಂದು ಹೊದಿಸುವ ಟ್ರೇಸಿಂಗ್ ಹಾಳೆಗಳಲ್ಲಿ ಬಿಡಿಸುತ್ತಿದ್ದೇನೆ. ಐದನೆಯ ಹಾಳೆಗೆ ಈ ವಾರ ಶಾಯಿ ಹಾಕಿ ಮುಗಿಸಿದೆ. ಇದು ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿನ ತೋಟದ ಮುಖ್ಯಸ್ಥನಾಗಿದ್ದ ಜೋಸೆಫ್ ಪ್ಯಾಕ್ಸ್ಟನ್‌ನ ಕಾಲದ ಹಾಳೆ. ಈ ಕೆಲಸ ಹಿಡಿದಾಗಿನಿಂದ ನಾನು ಕಾಯುತ್ತಿದ್ದದ್ದೇ ಇದಕ್ಕೆ.

ತಳದ ಹಾಳೆಯಲ್ಲಿ ನೆಲ ಮಾತ್ರ ಇದೆ. ಪೂರ್ವಕ್ಕೆ ಎತ್ತರದ ಬೋಳುಗುಡ್ಡ, ಅದರ ಇಳಿಜಾರಿನಲ್ಲಿ ಕಾಡು, ಕೆಳಗೆ ಉತ್ತರದಿಂದ ದಕ್ಷಿಣಕ್ಕೆ ಹರಿಯುವ ಡರ್ವೆಂಟ್ ನದಿ. ಅದರ ಮೇಲಿನ ಹಾಳೆಗಳಲ್ಲಿ ಕಪ್ಪು ಶಾಯಿ ಕಟ್ಟಡಕ್ಕೆ, ಕೆಂಪು ಕೆಡವಿದ್ದಕ್ಕೆ, ನೀಲಿ ನೀರಿಗೆ. ಹಳೆಯ ಆರ್ಡ್‌ನೆನ್ಸ್ ಸರ್ವೆ (ಬ್ರಿಟನ್ನಿನ ಸರ್ಕಾರಿ ಭೂಮಾಪನ ಸಂಸ್ಥೆ) ನಕಾಶೆಗಳನ್ನು ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಅಂತರಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟಿದೆ. ದೂರದಲ್ಲಿ ಕುಳಿತು ಇಂಥ ಕೆಲಸ ಮಾಡುವವರಿಗೆ ಅದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ.

ಈಗ ಎಲ್ಲ ಹಾಳೆಗಳನ್ನೂ ಕೆಳಗಿನಿಂದ ಬೆಳಕು ಬೀಳುವ ಗಾಜಿನ ಮೇಲೆ ಜೋಡಿಸಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಇಲ್ಲಿ ಪ್ರತಿ ತಲೆಮಾರೂ ಹಿಂದಿನವರು ಕಟ್ಟಿದ್ದನ್ನು ಕೆಡವಿದೆ. 1549ರಲ್ಲಿ ಬೆಸ್ ಆಫ್ ಹಾರ್ಡ್‌ವಿಕ್ ಮತ್ತು ಅವಳ ಗಂಡ ವಿಲಿಯಂ ಕ್ಯಾವೆಂಡಿಶ್ 600 ಪೌಂಡಿಗೆ ಜಮೀನು ಕೊಂಡರು. 1552ರಲ್ಲಿ ಮನೆ ಕಟ್ಟಲು ಶುರುಮಾಡಿದರು. ಸ್ಕಾಟ್ಲೆಂಡಿನ ರಾಣಿ ಮೇರಿಯನ್ನು ಹಲವು ಬಾರಿ ಸೆರೆಯಲ್ಲಿಟ್ಟ ಆ ಮನೆಯಲ್ಲಿ ಇವತ್ತು ಹೊರಗೆ ಕಾಣುವಂಥದ್ದು ಏನೂ ಉಳಿದಿಲ್ಲ. ಗುಡ್ಡದ ಮೇಲಿನ ಬೇಟೆಯ ಗೋಪುರ, ನದಿಯ ಹತ್ತಿರ ಮೇರಿಯ ಹೆಸರು ಹೊತ್ತ ಕಲ್ಲಿನ ಅಟ್ಟಣೆ, ಆ ಕಾಲದ್ದೆಂದು ಕಪ್ಪಿನಲ್ಲಿ ಬರೆಯಲು ನನಗೆ ಸಿಕ್ಕಿದ್ದು ಇಷ್ಟೇ. 1687ರಲ್ಲಿ ಅದೇ ಮನೆತನದ, ಮುಂದೆ ಡೆವನ್‌ಶೈರಿನ ಮೊದಲನೆಯ ಡ್ಯೂಕ್ ಆದವನು ದಕ್ಷಿಣದ ಮುಖವೊಂದನ್ನು ಹೊಸದಾಗಿ ಕಟ್ಟಿಸಲು ಹೊರಟು, 1707ರಲ್ಲಿ ಸಾಯುವ ಹೊತ್ತಿಗೆ ನಾಲ್ಕೂ ಮುಖಗಳನ್ನು ಬದಲಿಸಿಬಿಟ್ಟಿದ್ದ.

ನೀಲಿ ಗೆರೆಗಳ ಕಥೆ ಬೇರೆ. 1690ರ ದಶಕದಲ್ಲಿ ಗ್ರಿಯೆ ಎಂಬ ಫ್ರೆಂಚ್ ಜಲತಜ್ಞ ಮನೆಯ ಹಿಂದಿನ ಇಳಿಜಾರಿನಲ್ಲಿ ಕಲ್ಲಿನ ಮೆಟ್ಟಿಲುಗಳ ಜಲಪಾತ ಮಾಡಿದ. ಕೆಲವೇ ವರ್ಷಗಳಲ್ಲಿ ಅದನ್ನು ಇನ್ನೂ ದೊಡ್ಡದಾಗಿ ಕಟ್ಟಲಾಯಿತು. ಮುಂದೆ 1760ರ ಸುಮಾರಿಗೆ ಕೇಪಬಿಲಿಟಿ ಬ್ರೌನ್ ಎಂಬ ಹೆಸರಾಂತ ಉದ್ಯಾನ ವಿನ್ಯಾಸಕ ಬಂದು ಅಚ್ಚುಕಟ್ಟಾದ ಹೂದೋಟಗಳನ್ನೆಲ್ಲ ಹುಲ್ಲುಗಾವಲಾಗಿಸಿದ, ನದಿಯ ಪಕ್ಕದ ಹಳೆಯ ಮೀನುಕೊಳಗಳನ್ನು ಮುಚ್ಚಿಸಿದ. ನಾಲ್ಕನೆಯ ಹಾಳೆಯಲ್ಲಿ ಕೆಂಪು ಹರಡಿದಷ್ಟು ಬೇರೆ ಯಾವುದರಲ್ಲೂ ಹರಡಿಲ್ಲ. ಆದರೆ ಗುಡ್ಡದಿಂದ ಇಳಿಯುವ ಆ ಜಲಪಾತವನ್ನು ಬ್ರೌನ್ ಕೂಡ ಮುಟ್ಟಲಿಲ್ಲ. ಈ ಎಸ್ಟೇಟನ್ನು ಅರಿಯಲು ಡ್ಯೂಕರ ವಂಶಾವಳಿಗಿಂತ ನೀರಿನ ದಾರಿಯೇ ಒಳ್ಳೆಯ ಕೈಮರ ಎಂದು ನನಗೆ ಖಚಿತವಾದದ್ದು ಇಲ್ಲಿಯೇ.

ಪ್ಯಾಕ್ಸ್ಟನ್ 1826ರಲ್ಲಿ ತೋಟದ ಮುಖ್ಯಸ್ಥನಾಗಿ ಬಂದಾಗ ಇನ್ನೂ 22ರ ಹರೆಯದವನು. ಅವನ ಮೇಲೆ ಭರವಸೆಯಿಟ್ಟವನು ಆರನೆಯ ಡ್ಯೂಕ್. ರಷ್ಯಾದ ಚಕ್ರವರ್ತಿ ಮೊದಲನೆಯ ನಿಕೊಲಸ್ 1844ರಲ್ಲಿ ಬರಬಹುದೆಂದು ತಿಳಿದಾಗ ಡ್ಯೂಕನಿಗೆ ಇದ್ದ ಕಾರಂಜಿ ಸಾಲದಾಯಿತು. ಪ್ಯಾಕ್ಸ್ಟನ್ ಗುಡ್ಡದ ಮೇಲೆ ಎಂಟು ಎಕರೆಯ ಕೆರೆ ತೋಡಿಸಿದ, ಬೋಳುಗುಡ್ಡದ ನೀರನ್ನು ಕಾಲುವೆಯಲ್ಲಿ ಅಲ್ಲಿಗೆ ತಂದ, ಕೆರೆಯಿಂದ ಕೆಳಗಿನ ಕೊಳದವರೆಗೆ ಎರಕದ ಕಬ್ಬಿಣದ ಕೊಳವೆ ಹಾಸಿದ. ಕೆಲಸ ಆರು ತಿಂಗಳಲ್ಲಿ ಮುಗಿಯಿತು. ಚಕ್ರವರ್ತಿ ಮಾತ್ರ ಚಾಟ್ಸ್‌ವರ್ತಿಗೆ ಬರಲೇ ಇಲ್ಲ. ಆದರೂ ಕಾರಂಜಿಗೆ ಅವನ ಹೆಸರೇ ನಿಂತಿತು.

ಸಮೋನ್ನತ ರೇಖೆಗಳ ಮೇಲೆ ಆ ಕೊಳವೆಯನ್ನು ಎಳೆಯುವಾಗ ಪ್ಯಾಕ್ಸ್ಟನ್‌ನ ಲೆಕ್ಕದ ಬಗ್ಗೆ ಗೌರವ ಹೆಚ್ಚುತ್ತ ಹೋಯಿತು. ಕೆರೆ ಮನೆಗಿಂತ ಸುಮಾರು 350 ಅಡಿ ಎತ್ತರದಲ್ಲಿದೆ. ಕಾರಂಜಿ ಚಿಮ್ಮಿದ ಗರಿಷ್ಠ ಎತ್ತರ 296 ಅಡಿ. ಪಂಪು ಇಲ್ಲ, ಉಗಿಯಂತ್ರ ಇಲ್ಲ, ನೀರಿನ ಸ್ವಂತ ಭಾರವೇ ಅದನ್ನು ಮೇಲಕ್ಕೆತ್ತುತ್ತದೆ. ಕೊಳವೆಯ ತಿಕ್ಕಾಟವನ್ನೂ ಗಾಳಿಯ ತಡೆಯನ್ನೂ ದಾಟಿ ಅಷ್ಟು ಎತ್ತರ ಉಳಿಸಿಕೊಳ್ಳುವುದೆಂದರೆ ಸಣ್ಣ ಮಾತಲ್ಲ.

ಅದೇ ಹಾಳೆಯಲ್ಲಿ ದೊಡ್ಡ ಗಾಜಿನ ಮನೆಯೂ ಇದೆ. 1836ರಿಂದ 1841ರವರೆಗೆ ಕಟ್ಟಿದ್ದು, 277 ಅಡಿ ಉದ್ದ, 123 ಅಡಿ ಅಗಲ. ಎಂಟು ಬಾಯ್ಲರುಗಳು ಏಳು ಮೈಲಿ ಕೊಳವೆಗಳಲ್ಲಿ ಬಿಸಿನೀರು ಹರಿಸುತ್ತಿದ್ದವು. ಇಲ್ಲಿಗಾಗಿ ಗಿಡ ತರಲು ಜಾನ್ ಗಿಬ್ಸನ್ ಎಂಬ ತರುಣ ತೋಟಗಾರನನ್ನು 1835ರಲ್ಲಿ ಕಲ್ಕತ್ತಾಕ್ಕೆ ಕಳಿಸಿದ್ದರು. ಅವನು ಖಾಸಿ ಬೆಟ್ಟಗಳಿಂದ ಆರ್ಕಿಡ್‌ಗಳನ್ನು ಆಯ್ದು ತಂದ. ಮೊದಲನೆಯ ಮಹಾಯುದ್ಧದಲ್ಲಿ ಕಲ್ಲಿದ್ದಲು ಸಿಗದೆ ಗಿಡಗಳು ಸತ್ತವು, 1920ರಲ್ಲಿ ಕಟ್ಟಡವನ್ನೇ ಸಿಡಿಮದ್ದಿನಿಂದ ಉರುಳಿಸಿದರು. ಕಪ್ಪಿನಲ್ಲಿ ಇಷ್ಟು ಪ್ರೀತಿಯಿಂದ ಬರೆದದ್ದನ್ನು ಮುಂದಿನ ಹಾಳೆಯಲ್ಲಿ ನಾನೇ ಕೆಂಪು ಮಾಡಬೇಕು. ಅದು ನನಗೆ ನಿಜವಾಗಿಯೂ ನೋವಿನ ಕೆಲಸ.

ಹಾಳೆಯ ಅಂಚಿನಲ್ಲಿ ಒಂದು ಬಾಳೆಗಿಡವನ್ನೂ ಬಿಡಿಸಿದ್ದೇನೆ. ಮಾರಿಷಸ್‌ನಿಂದ ಇಂಗ್ಲೆಂಡಿಗೆ ಬಂದಿದ್ದ ತಳಿಯೊಂದನ್ನು ಪ್ಯಾಕ್ಸ್ಟನ್ ಇಲ್ಲಿ ಬೆಳೆಸಿದ. 1835ರ ನವೆಂಬರಿನಲ್ಲಿ ಅದು ಹೂಬಿಟ್ಟಿತು. ಯಜಮಾನನ ಮನೆತನದ ಹೆಸರನ್ನೇ ಅದಕ್ಕೆ ಇಟ್ಟ: ಕ್ಯಾವೆಂಡಿಶ್. ನಮ್ಮ ಮಾರುಕಟ್ಟೆಯ ಪಚ್ಚಬಾಳೆ, ರೈತರು ಬೆಳೆಯುವ ಜಿ-9 ಎರಡೂ ಕ್ಯಾವೆಂಡಿಶ್ ಗುಂಪಿನವೇ.

ಎಸ್ಟೇಟಿಗೆ ಸೇರಿದ ಎಡೆನ್ಸರ್ ಹಳ್ಳಿಯ ವಿಷಯ ಇನ್ನೂ ಕಾಡುತ್ತಿದೆ. ಬ್ರೌನ್‌ನ ಕಾಲದಲ್ಲೇ ಮನೆಯಿಂದ ಕಾಣುತ್ತಿದ್ದ ಗುಡಿಸಲುಗಳು ಹೋಗಿದ್ದವು. 1838ರಿಂದ 1842ರೊಳಗೆ ಉಳಿದದ್ದನ್ನೂ ತೆಗೆದು, ಡ್ಯೂಕನ ಕಿಟಕಿಗೆ ಕಾಣದ ತಗ್ಗಿನಲ್ಲಿ ಹೊಸ ಹಳ್ಳಿ ಕಟ್ಟಿದರು. ಹಳೆಯ ಹಳ್ಳಿಯ ಒಂದೇ ಒಂದು ಮನೆ ಪಾರ್ಕಿನ ನಡುವೆ ಒಂಟಿಯಾಗಿ ಉಳಿದಿದೆ. ಹೊಸ ಮನೆಗಳು ಚೆನ್ನಾಗಿದ್ದವು, ಒಂದೊಂದೂ ಒಂದೊಂದು ಶೈಲಿಯವು, ನಿಜ. ಆದರೂ ನೋಟಕ್ಕಾಗಿ ಜನರನ್ನು ಎಬ್ಬಿಸಿದ್ದನ್ನು ಸಣ್ಣಕ್ಷರದಲ್ಲಿ ಬರೆಯಲು ನನಗೆ ಮನಸ್ಸಾಗಲಿಲ್ಲ. ಹಳೆಯ ಹಳ್ಳಿಯ ಹೆಸರನ್ನು ಮನೆಯ ಹೆಸರಿನಷ್ಟೇ ದಪ್ಪಕ್ಷರದಲ್ಲಿ ಕೆಂಪಿನಲ್ಲಿ ಬರೆದಿದ್ದೇನೆ.

ಆರನೆಯ ಹಾಳೆಯ ಪೆನ್ಸಿಲ್ ಗೆರೆಗಳು ಶುರುವಾಗಿವೆ. 1893ರಲ್ಲಿ ಗುಡ್ಡದ ಅದೇ ನೀರಿನಿಂದ ಟರ್ಬೈನು ತಿರುಗಿಸಿ ಮನೆಗೆ ವಿದ್ಯುತ್ ತಂದರು, ಅದು ನೀಲಿಯಲ್ಲಿ ಸಲೀಸಾಗಿ ಕೂರುತ್ತದೆ. ತೊಡಕಿರುವುದು 1950ರಲ್ಲಿ. ಆ ವರ್ಷ ಹತ್ತನೆಯ ಡ್ಯೂಕ್ ತೀರಿಕೊಂಡಾಗ ಆಸ್ತಿಯ ಮೇಲೆ ಶೇ 80ರಷ್ಟು ಮರಣ ತೆರಿಗೆ ಬಿತ್ತು. ಅದನ್ನು ತೀರಿಸಲು ಸಾವಿರಾರು ಎಕರೆ ಜಮೀನು, ಹೆಸರಾಂತ ಚಿತ್ರಗಳು, ಕೊನೆಗೆ ಬೆಸ್ ಕಟ್ಟಿಸಿದ ಹಾರ್ಡ್‌ವಿಕ್ ಹಾಲ್ ಕೂಡ ಕೈಬಿಟ್ಟವು. ಅವು ಯಾವುವೂ ನನ್ನ ನಕಾಶೆಯ ಚೌಕಟ್ಟಿನೊಳಗೆ ಬರುವುದಿಲ್ಲ. ಹಾಗಾಗಿ ಬಲಮೂಲೆಯಲ್ಲಿ ಇಡೀ ಡರ್ಬಿಶೈರಿನ ಸಣ್ಣ ಅಳತೆಯ ನಕಾಶೆಯೊಂದನ್ನು ಸೇರಿಸಿ, ಹಾರ್ಡ್‌ವಿಕ್ಕನ್ನು ಅಲ್ಲಿ ಗುರುತಿಸಲಿದ್ದೇನೆ. ಮಾರಿದ ಜಮೀನಿನ ಗಡಿಗಳನ್ನು ಹುಡುಕುವ ಕೆಲಸ ಆಮೇಲೆ.