ಪರದೆಯೇ ಇಲ್ಲದ ಸರ್ವರ್‌ಗೆ ಲಿಬ್ರೆ ಆಫೀಸ್ ಯಾಕೆ ಅಂತ ತೆಗೆದುಬಿಟ್ಟೆ

ನಮ್ಮದು ಡೆಬಿಯನ್ ಲಿನಕ್ಸ್ ಓಡುವ ಸರ್ವರ್, ಸಿಸ್ಟಮ್ ಇರುವ ರೂಟ್ ಪಾರ್ಟಿಷನ್ ಬರೀ 20 ಜಿಬಿ. ಒಂದು ಸಂಜೆ ಡಿಸ್ಕ್ ಎಷ್ಟು ತುಂಬಿದೆ ಅಂತ ತೋರಿಸುವ ಡಿಎಫ್ ಕಮಾಂಡ್ ಹಾಕಿ ನೋಡಿದರೆ 96 ಪರ್ಸೆಂಟ್ ತುಂಬಿತ್ತು. ಹಾಕಿರುವ ಸಾಫ್ಟ್‌ವೇರ್ ಪ್ಯಾಕೇಜ್‌ಗಳನ್ನು ಸೈಜ್ ಪ್ರಕಾರ ಜೋಡಿಸಿದಾಗ ಮೇಲೇ ಕಾಣಿಸಿದ್ದು ಲಿಬ್ರೆ ಆಫೀಸ್. ಮಾನಿಟರ್ ಇಲ್ಲ, ಡೆಸ್ಕ್‌ಟಾಪ್ ಇಲ್ಲ, ಇದರಲ್ಲಿ ಯಾರು ಪತ್ರ ಟೈಪ್ ಮಾಡ್ತಾರೆ ಅನ್ನಿಸಿತು. ಸುಮ್ನೆ ತೆಗೆಯಬಾರದು ಅಂತ ಕ್ರಾನ್‌ಟ್ಯಾಬ್‌ನಲ್ಲಿ (ಹೊತ್ತಿಗೆ ಸರಿಯಾಗಿ ತಾನೇ ಓಡುವ ಕೆಲಸಗಳ ಪಟ್ಟಿ), ಸ್ಕ್ರಿಪ್ಟ್‌ಗಳಲ್ಲಿ 'ಲಿಬ್ರೆ ಆಫೀಸ್' ಅಂತ ಹುಡುಕಿದೆ. ಎಲ್ಲೂ ಸಿಗಲಿಲ್ಲ. ತೆಗೆದೆ. ಅದರ ಜೊತೆ ಫಾಂಟ್ ಪ್ಯಾಕೇಜ್‌ಗಳನ್ನೂ ತೆಗೆದೆ, ಆಮೇಲೆ ಬೇರೆ ಯಾವುದಕ್ಕೂ ಬೇಡವಾದ ಪ್ಯಾಕೇಜ್‌ಗಳನ್ನು ತಾನೇ ತೆಗೆಯುವ ಆಟೋರಿಮೂವ್ ಕೂಡ ಓಡಿಸಿದೆ.

ಮರುದಿನ ಬೆಳಿಗ್ಗೆ ಅಕೌಂಟ್ಸ್‌ನಿಂದ ಫೋನ್. "ಸರ್, ಇವತ್ತು ಒಂದೂ ರಸೀದಿ ಬಂದಿಲ್ಲ."

ರಾತ್ರಿ ಎರಡಕ್ಕೆ ಓಡುವ ಒಂದು ಪೈಥಾನ್ ಸ್ಕ್ರಿಪ್ಟ್ ರಸೀದಿಗಳನ್ನು ಪಿಡಿಎಫ್ ಮಾಡುತ್ತಿತ್ತು. ಹಾಗೆ ಮಾಡಲು ಅದು ಕರೆಯುತ್ತಿದ್ದದ್ದು 'ಎಸ್‌ಆಫೀಸ್' ಅನ್ನುವ ಕಮಾಂಡನ್ನು. ಅದು ಲಿಬ್ರೆ ಆಫೀಸ್‌ನದ್ದೇ, ಪರದೆ ಇಲ್ಲದೆಯೂ ಓಡುತ್ತದೆ. ನಾನು ಹುಡುಕಿದ್ದು ಪ್ಯಾಕೇಜಿನ ಹೆಸರು, ಸ್ಕ್ರಿಪ್ಟ್‌ನಲ್ಲಿ ಇದ್ದದ್ದು ಕಮಾಂಡಿನ ಹೆಸರು. ಕ್ರಾನ್ ತನ್ನ ಎರರ್ ಅನ್ನು ರೂಟ್‌ನ, ಅಂದರೆ ಅಡ್ಮಿನ್ ಖಾತೆಯ, ಲೋಕಲ್ ಮೇಲ್‌ಬಾಕ್ಸ್‌ಗೆ ಸರಿಯಾಗಿಯೇ ಹಾಕಿತ್ತು, ಆದರೆ ಅದನ್ನು ನಮ್ಮಲ್ಲಿ ಯಾರೂ ತೆರೆಯುತ್ತಿರಲಿಲ್ಲ.

ಲಿಬ್ರೆ ಆಫೀಸ್ ವಾಪಸ್ ಹಾಕಿ ಸ್ಕ್ರಿಪ್ಟ್ ಓಡಿಸಿದೆ, ಪಿಡಿಎಫ್ ಬಂತು. ತೆರೆದು ನೋಡಿದರೆ ಮೊತ್ತ ಸರಿ, ತಾರೀಖು ಸರಿ, ಗ್ರಾಹಕರ ಹೆಸರಿನ ಜಾಗದಲ್ಲಿ ಮಾತ್ರ ಸಾಲಾಗಿ ಖಾಲಿ ಚೌಕಗಳು. ಕನ್ನಡ ಫಾಂಟ್ ಹೋಗಿತ್ತಲ್ವಾ! ನೋಡಿ ತುಂಬಾ ಬೇಜಾರಾಯಿತು. ಕಾಸು ಕಟ್ಟಿದವರ ಹೆಸರೇ ಇಲ್ಲದ ರಸೀದಿ ಅದು. ಪ್ಯಾಕೇಜ್ ಹಾಕುವ, ತೆಗೆಯುವ ಎಪಿಟಿ ಟೂಲ್ ಮಾಡಿದ್ದನ್ನೆಲ್ಲ ಬರೆದಿಡುವ, ವಾರ್ ಲಾಗ್ ಎಪಿಟಿ ಫೋಲ್ಡರಿನ ಒಳಗಿನ ಹಿಸ್ಟರಿ ಲಾಗ್‌ನಲ್ಲಿ ಏನೇನು ತೆಗೆದಿದ್ದೆ ಅನ್ನುವುದು ಹೆಸರು, ವರ್ಷನ್ ಸಮೇತ ಇತ್ತು, ಅದನ್ನೇ ಇಟ್ಟುಕೊಂಡು ಒಂದೊಂದಾಗಿ ವಾಪಸ್ ಹಾಕಿದೆ. ಸೆಟ್ಟಿಂಗ್ ಸಮೇತ ಅಳಿಸುವ ಪರ್ಜ್ ಮಾಡದೆ ರಿಮೂವ್ ಮಾತ್ರ ಮಾಡಿದ್ದರಿಂದ ಇಟಿಸಿ ಫೋಲ್ಡರಿನಲ್ಲಿದ್ದ ಸೆಟ್ಟಿಂಗ್ ಫೈಲುಗಳು ಹಾಗೇ ಉಳಿದಿದ್ದವು.

ಈಗ ಯಾವ ಪ್ಯಾಕೇಜ್ ತೆಗೆಯುವ ಮುಂಚೆಯೂ ಡಿಪಿಕೆಜಿ ಅನ್ನುವ ಡೆಬಿಯನ್ ಪ್ಯಾಕೇಜ್ ಕಮಾಂಡಿಗೆ ಮೈನಸ್ ದೊಡ್ಡ ಎಲ್ ಕೊಟ್ಟು ಅದರ ಫೈಲುಗಳ ಪಟ್ಟಿ ತೆಗೆಯುತ್ತೇನೆ, ಅದರಲ್ಲಿ ಬಿನ್ ಫೋಲ್ಡರಿನ ಕಮಾಂಡುಗಳು ಯಾವುವು ಅಂತ ನೋಡಿ, ಆ ಹೆಸರುಗಳನ್ನೇ ಕ್ರಾನ್, ಕ್ರಾನ್‌ನಂತೆಯೇ ಹೊತ್ತಿಗೆ ಕೆಲಸ ಓಡಿಸುವ ಸಿಸ್ಟಮ್‌ಡಿ ಟೈಮರ್ ಮತ್ತು ಅಪ್ಲಿಕೇಶನ್ ಕೋಡ್ ಮೂರರಲ್ಲೂ ಹುಡುಕುತ್ತೇನೆ. ಫಾಂಟ್ ಪ್ಯಾಕೇಜ್‌ನಲ್ಲಿ ಕಮಾಂಡೇ ಇರುವುದಿಲ್ಲ, ಹಾಗಾಗಿ ಅದನ್ನು ಕೇಳದೆ ಮುಟ್ಟುವುದಿಲ್ಲ. ಆಮೇಲೆ ಎಪಿಟಿಗೆ ಮೈನಸ್ ಎಸ್ ಕೊಟ್ಟರೆ ಏನನ್ನೂ ತೆಗೆಯದೆ, ಏನೇನು ಹೋಗುತ್ತದೆ ಅಂತ ಮಾತ್ರ ತೋರಿಸುತ್ತದೆ. ಆ ಪಟ್ಟಿಯನ್ನು ಕೊನೆಯ ಸಾಲಿನವರೆಗೂ ಓದಿ, ದಯವಿಟ್ಟು.

ಜಾಗ ಕೊನೆಗೆ ಸಿಕ್ಕಿದ್ದು ಬೇರೆ ಕಡೆ. ಎಪಿಟಿ ಕ್ಯಾಶ್‌ನಲ್ಲಿ ಹಳೆಯ ಡೆಬ್ ಫೈಲುಗಳು, ಅಂದರೆ ಡೌನ್‌ಲೋಡ್ ಆದ ಪ್ಯಾಕೇಜ್ ಫೈಲುಗಳು, ರಾಶಿ ಬಿದ್ದಿದ್ದವು, ಎಪಿಟಿ ಕ್ಲೀನ್ ಅಂದರೆ ಸಾಕಾಯಿತು. ಸಿಸ್ಟಮ್‌ನ ತಿರುಳಾದ ಕರ್ನಲ್‌ನ ಹಳೆಯ ಆವೃತ್ತಿಗಳು ನಾಲ್ಕಿದ್ದವು, ಒಂದೊಂದರ ಮಾಡ್ಯೂಲ್‌ಗಳೇ ನೂರಾರು ಎಂಬಿ. ಯುನೇಮ್ ಮೈನಸ್ ಆರ್ ಹಾಕಿ ಈಗ ಓಡುತ್ತಿರುವುದು ಯಾವುದು ಅಂತ ಖಚಿತ ಮಾಡಿಕೊಂಡು, ಅದನ್ನೂ ಅದರ ಹಿಂದಿನದನ್ನೂ ಬಿಟ್ಟು ಉಳಿದವನ್ನು ತೆಗೆದೆ. ಲಿಬ್ರೆ ಆಫೀಸ್ ಈಗಲೂ ಅಲ್ಲೇ ಇದೆ. ರೂಟ್‌ನ ಮೇಲ್ ಈಗ ನನ್ನ ಇನ್‌ಬಾಕ್ಸ್‌ಗೆ ಬರುತ್ತದೆ.